ಜಿಪ್ಸಂ ಕರಗಿದರೆ ನೀರು ಇಂಗುತ್ತದಾ? ಮಣ್ಣಿನ ಮಾಡೆಲ್‌ಗಳು ಎಡವುವ ಜಾಗ

ಹೊಲಕ್ಕೆ ಕಲ್ಲಿನ ಪುಡಿ ಹರಡಿ ದುಡ್ಡು ಮಾಡುವ ಕಾಲ ಬಂದಿದೆ. ತಮಾಷೆ ಅಲ್ಲ. 2025ರ ಏಪ್ರಿಲ್‌ನಲ್ಲಿ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ತೆಗೆಯುವವರಿಗಾಗಿ ನಡೆದ ಎಕ್ಸ್‌ಪ್ರೈಸ್ ಕಾರ್ಬನ್ ಸ್ಪರ್ಧೆಯ 5 ಕೋಟಿ ಡಾಲರಿನ ಮೊದಲ ಬಹುಮಾನ ಹೋದದ್ದು ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ. ನಮ್ಮ ದೇಶದ ಸಣ್ಣ ರೈತರ ಗದ್ದೆಗಳಿಗೆ ಬಸಾಲ್ಟ್, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲಿನ, ಪುಡಿ ಹಾಕಿಸುವುದು ಅವರ ಕೆಲಸ. ಮಣ್ಣಿನ ನೀರು ಗಾಳಿಯಿಂದ, ಬೇರಿನ ಉಸಿರಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಚೂರು ಹುಳಿಯಾಗುತ್ತದೆ. ಆ ನೀರಿಗೆ ಕಲ್ಲು ನಿಧಾನಕ್ಕೆ ಕರಗುತ್ತದೆ. ಕಾರ್ಬನ್ ಬೈಕಾರ್ಬೊನೇಟ್ ಆಗಿ ನೀರಿನ ಜೊತೆ ಕೆಳಗಿಳಿದು ಹಳ್ಳ, ಹೊಳೆ, ಕೊನೆಗೆ ಸಮುದ್ರ ಸೇರುತ್ತದೆ. ಹಾಗೆ ಸೇರಿತು ಎಂದು ಲೆಕ್ಕ ಹಾಕಿ ಕಾರ್ಬನ್ ಕ್ರೆಡಿಟ್, ಅಂದರೆ ಇಷ್ಟು ಟನ್ ತೆಗೆದಿದ್ದೇವೆ ಎಂಬ ಪತ್ರ, ಮಾರುತ್ತಾರೆ.

ಇಲ್ಲಿ ಎಲ್ಲವೂ ನಿಂತಿರುವುದು "ನೀರಿನ ಜೊತೆ ಕೆಳಗಿಳಿದು" ಎಂಬ ಮೂರು ಪದದ ಮೇಲೆ. ನೀರು ಇಳಿಯದಿದ್ದರೆ ಕಲ್ಲು ಕರಗುವುದೂ ನಿಲ್ಲುತ್ತದೆ, ಕರಗಿದ್ದು ಹೊರಗೆ ಹೋಗುವುದೂ ನಿಲ್ಲುತ್ತದೆ. ಇನ್ನೊಂದು ಗಂಟು ಏನೆಂದರೆ, ಕಲ್ಲು ಕರಗುತ್ತಾ ಹೋದ ಹಾಗೆ ನೀರು ಹೋಗುವ ದಾರಿಯೇ ಬದಲಾಗುತ್ತದೆ. ಪ್ರತಿ ಹೊಲದಲ್ಲಿ, ಪ್ರತಿ ಅಡಿ ಆಳದಲ್ಲಿ ಇದನ್ನು ಅಳೆಯಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಅಲ್ಲಲ್ಲಿ ಮಣ್ಣಿನ, ನೀರಿನ ಸ್ಯಾಂಪಲ್ ತೆಗೆದು ಉಳಿದದ್ದನ್ನು ಕಂಪ್ಯೂಟರ್ ಮಾಡೆಲ್ ಕೈಗೆ ಕೊಡುತ್ತಾರೆ. ಆ ಮಾಡೆಲ್ ಒಳಗೆ ಏನಿರುತ್ತದೆ, ಅದನ್ನು ಎಷ್ಟು ನಂಬಬಹುದು ಎಂಬುದು ಈಗ ಬರೀ ಪ್ರೊಫೆಸರುಗಳ ವಿಷಯವಾಗಿ ಉಳಿದಿಲ್ಲ.

ಇದನ್ನು ಬಸಾಲ್ಟ್ ಇಟ್ಟುಕೊಂಡು ವಿವರಿಸುವುದು ಕಷ್ಟ. ಅದು ಕರಗಲು ವರ್ಷಗಟ್ಟಲೆ ಬೇಕು, ಅದರಲ್ಲಿ ನಾಲ್ಕಾರು ಖನಿಜ ಬೆರೆತಿರುತ್ತವೆ. ಅದಕ್ಕೆ ನಮ್ಮ ಕಡೆಯ, ಹಳೆಯ, ಸರಳವಾದ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ: ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಗೆ ಹಾಕುವ ಜಿಪ್ಸಂ.

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ಹಿನ್ನೆಲೆ ಹೇಳಬೇಕಿಲ್ಲ. 1953ರಲ್ಲಿ ಅಣೆಕಟ್ಟಿನಿಂದ ನೀರು ಬಂತು. ಯೋಜನೆ ಮಾಡಿದವರ ಲೆಕ್ಕದಲ್ಲಿ ಅದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗೆ. ಕಾಲುವೆ ತಲೆಯಲ್ಲಿದ್ದವರು ಭತ್ತ ಹಾಕಿದರು, ಹಾಕದೆ ಇರುತ್ತಾರಾ? ನೀರು ನಿಂತಿತು, ಅಂತರ್ಜಲ ಮೇಲೆ ಬಂತು, ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯಿತು. ಸವಳು-ಜವಳಿಗೆ ಸಿಕ್ಕ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಅಂಕಿ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದೇ ಸಮಸ್ಯೆಯ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ.

ಇದರಲ್ಲಿ ಎರಡು ಬಗೆ ಇದೆ. ಒಂದು, ಬರೀ ಉಪ್ಪು ಜಾಸ್ತಿ ಇರುವ ಮಣ್ಣು. ಇನ್ನೊಂದು, ಜೇಡಿಗೆ ಸೋಡಿಯಂ ಅಂಟಿಕೊಂಡಿರುವ ಕ್ಷಾರ ಮಣ್ಣು. ಎರಡನೆಯದೇ ಕೆಟ್ಟದ್ದು. ಅಮೆರಿಕದ ಲವಣ ಪ್ರಯೋಗಾಲಯ 1954ರಲ್ಲಿ ಹಾಕಿಕೊಟ್ಟ ಗೆರೆ ಇವತ್ತಿಗೂ ಪಠ್ಯಪುಸ್ತಕದಲ್ಲಿದೆ: ಜೇಡಿಯ ಮೇಲೆ ಕೂತ ಒಟ್ಟು ಅಯಾನುಗಳಲ್ಲಿ (ಸೋಡಿಯಂ, ಕ್ಯಾಲ್ಸಿಯಂನಂಥ, ವಿದ್ಯುದಂಶವಿರುವ ಕಣಗಳಲ್ಲಿ) ಶೇ. 15ಕ್ಕಿಂತ ಹೆಚ್ಚು ಸೋಡಿಯಂ ಇದ್ದರೆ ಕ್ಷಾರ ಮಣ್ಣು. ಆಸ್ಟ್ರೇಲಿಯಾದವರು ಶೇ. 6ಕ್ಕೇ ಗೆರೆ ಎಳೆಯುತ್ತಾರೆ. ಹಿಗ್ಗುವ ಜೇಡಿ ತುಂಬಿರುವ ನಮ್ಮ ಎರೆಮಣ್ಣಿಗೂ ಆ ಕೆಳಗಿನ ಗೆರೆಯೇ ಹೆಚ್ಚು ಹೊಂದುತ್ತದೆ ಎಂದು ನನಗನಿಸುತ್ತದೆ. 15ರವರೆಗೆ ಕಾಯುತ್ತಾ ಕೂತರೆ ಅಷ್ಟರಲ್ಲಿ ಮಣ್ಣಿನ ಬಾಗಿಲು ಮುಚ್ಚಿರುತ್ತದೆ.

ಇದಕ್ಕೆ ಮದ್ದು ಜಿಪ್ಸಂ. ಅದು ಕರಗಿದರೆ ಕ್ಯಾಲ್ಸಿಯಂ ಬಿಡುತ್ತದೆ. ಕ್ಯಾಲ್ಸಿಯಂ ಜೇಡಿಯ ಮೇಲಿನ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ನೀರಿನ ಜೊತೆ ಕೆಳಗೆ ಹೋಗಬೇಕು. ಇಷ್ಟೇ ಕಥೆ. ಈಗ ಇದನ್ನು ಮಾಡೆಲ್‌ಗೆ ಹಾಕೋಣ.

ಮಾಡೆಲ್ ಹೇಗೆ ಕೆಲಸ ಮಾಡುತ್ತದೆ ಎಂದರೆ, ಮಣ್ಣನ್ನು ಮೇಲಿಂದ ಕೆಳಕ್ಕೆ ಒಂದೊಂದು ಸೆಂಟಿಮೀಟರಿನ ಪದರಗಳಾಗಿ ಹೋಳು ಮಾಡುತ್ತಾರೆ. ಪ್ರತಿ ಪದರಕ್ಕೂ ಒಂದು ಖಾತೆ ಪುಸ್ತಕ: ಮಣ್ಣಿನ ಕಣಗಳ ನಡುವೆ ಎಷ್ಟು ಸಂದು ಇದೆ, ಅದರಲ್ಲಿ ಎಷ್ಟು ನೀರು, ಆ ನೀರಲ್ಲಿ ಏನೇನು ಕರಗಿದೆ, ಗಟ್ಟಿಯಾಗಿ ಏನು ಉಳಿದಿದೆ. ಆಮೇಲೆ ಗಡಿಯಾರವನ್ನು ಒಂದು ಹೆಜ್ಜೆ ಮುಂದಕ್ಕೆ ತಿರುಗಿಸುತ್ತಾರೆ, ಕೆಲವು ನಿಮಿಷವೋ ಒಂದು ಗಂಟೆಯೋ. ಮೊದಲು ನೀರು ಸರಿಯುತ್ತದೆ. ಇದಕ್ಕೆ ಬಳಸುವುದು 1931ರ ರಿಚರ್ಡ್ಸ್ ಸಮೀಕರಣ, ಅದರ ಹೊಟ್ಟೆಯಲ್ಲಿರುವುದು 1856ರಲ್ಲಿ ಫ್ರಾನ್ಸಿನ ಡಾರ್ಸಿ ಮರಳಿನ ಕೊಳವೆಯಲ್ಲಿ ನೀರು ಹರಿಸಿ ಕಂಡುಕೊಂಡ ನಿಯಮ. ಆಮೇಲೆ ನೀರಲ್ಲಿ ಕರಗಿದ್ದು ಅದರ ಜೊತೆ ಸರಿಯುತ್ತದೆ. ಆಮೇಲೆ ಪ್ರತಿ ಪದರದಲ್ಲೂ ರಸಾಯನ: ಏನು ಕರಗಬೇಕು, ಏನು ಗಟ್ಟಿಯಾಗಬೇಕು, ಜೇಡಿಯ ಮೇಲೆ ಯಾರು ಕೂರಬೇಕು. ಕೊನೆಗೆ, ಕರಗಿದ ಖನಿಜದ ಜಾಗ ಖಾಲಿಯಾಯಿತಲ್ಲ, ಅದನ್ನು ಸಂದಿನ ಲೆಕ್ಕಕ್ಕೆ ಸೇರಿಸಿ, ಹೊಸ ಸಂದಿಗೆ ತಕ್ಕ ಹಾಗೆ ನೀರಿನ ವೇಗ ತಿದ್ದಿ, ಮತ್ತೆ ಮೊದಲಿಂದ. ಹೈಡ್ರಸ್, ಫ್ರೀಕ್, ಕ್ರಂಚ್‌ಫ್ಲೋ, ಮಿನ್3ಪಿ ಎಂದೆಲ್ಲ ಹೆಸರಿರುವ ತಂತ್ರಾಂಶಗಳು ಈ ಸುತ್ತನ್ನು, ಇಲ್ಲವೇ ಇದರ ಒಂದು ಭಾಗವನ್ನು, ತಮ್ಮ ತಮ್ಮ ರೀತಿಯಲ್ಲಿ ಸುತ್ತುತ್ತವೆ.

ಆ ಕೊನೆಯ ಹೆಜ್ಜೆ ನೋಡಿ. ಸಂದು ಇಷ್ಟು ಹೆಚ್ಚಿದರೆ ನೀರು ಇಷ್ಟು ಬೇಗ ಹೋಗುತ್ತದೆ ಎಂದು ಹೇಳುವ ಸೂತ್ರ. ಹೆಚ್ಚಿನವರು ಕೊಜೆನಿ-ಕಾರ್ಮನ್ ಸೂತ್ರ ಹಾಕುತ್ತಾರೆ. 1927ರಲ್ಲಿ ಕೊಜೆನಿ ಬರೆದದ್ದು, 1937ರಲ್ಲಿ ಕಾರ್ಮನ್ ತಿದ್ದಿದ್ದು. ಸಂದಿನ ಪಾಲಿನ ಘನವನ್ನು ಗಟ್ಟಿ ಭಾಗದ ಪಾಲಿನ ವರ್ಗದಿಂದ ಭಾಗಿಸಿ, ಅದೇ ಲೆಕ್ಕದಲ್ಲಿ ನೀರಿನ ವೇಗ. ಒಂದೇ ಅಳತೆಯ ಮರಳಿಗೆ ಚೆನ್ನಾಗಿ ಹೊಂದುತ್ತದೆ.

ಈಗ ನಮ್ಮ ಹೊಲಕ್ಕೆ ಹಾಕಿ ನೋಡಿ. ಹೆಕ್ಟೇರಿಗೆ 5 ಟನ್ ಜಿಪ್ಸಂ ಎಂದುಕೊಳ್ಳಿ. ಅದರ ಸಾಂದ್ರತೆ ನೀರಿನ 2.3 ಪಟ್ಟು, ಅಂದರೆ 5 ಟನ್ನಿನ ಗಾತ್ರ ಸುಮಾರು 2.2 ಘನ ಮೀಟರ್. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣಿನ ಗಾತ್ರ 1,500 ಘನ ಮೀಟರ್. ಅಷ್ಟೂ ಜಿಪ್ಸಂ ಕರಗಿ ಅದರ ಜಾಗ ಖಾಲಿಯಾದರೂ ಸಂದು ಹೆಚ್ಚುವುದು ಶೇ. 0.15ರಷ್ಟು. ಮೊದಲು ಶೇ. 50 ಇದ್ದದ್ದು 50.15 ಆಯಿತು. ಕೊಜೆನಿ-ಕಾರ್ಮನ್ ಪ್ರಕಾರ ನೀರಿನ ವೇಗ ಹೆಚ್ಚಬೇಕಾದದ್ದು ಶೇ. 1.5. ಯಾವ ರೈತನಿಗೂ ಇದು ಕಣ್ಣಿಗೆ ಕಾಣುವ ಬದಲಾವಣೆ ಅಲ್ಲ. ನಿಜಕ್ಕೂ ಹೊಲದಲ್ಲಿ ಆಗುವುದೇ ಬೇರೆ: ಜಿಪ್ಸಂ ಸರಿಯಾಗಿ ಕೆಲಸ ಮಾಡಿದ ಕ್ಷಾರ ಮಣ್ಣಲ್ಲಿ ನೀರು ಇಂಗುವುದು ಹಲವು ಪಟ್ಟು ಹೆಚ್ಚುತ್ತದೆ. ಇದು ಚೂರುಪಾರು ತಪ್ಪಲ್ಲ. ಸೂತ್ರ ನೋಡುತ್ತಿರುವ ಕಡೆ ವಿಷಯವೇ ಇಲ್ಲ.

ವಿಷಯ ಇರುವುದು ಜೇಡಿಯಲ್ಲಿ. ಇದನ್ನು ಮನೆಯಲ್ಲೇ ನೋಡಬಹುದು. ಒಣಗಿದ ಮಣ್ಣಿನ ಒಂದು ಚಿಕ್ಕ ಹೆಂಟೆ ತೆಗೆದುಕೊಳ್ಳಿ, ಕಡಲೆಕಾಳಿನಷ್ಟು ಸಾಕು. ಗಾಜಿನ ಲೋಟದಲ್ಲಿ ಮಳೆ ನೀರೋ ಬ್ಯಾಟರಿಗೆ ಹಾಕುವ ನೀರೋ ಹಾಕಿ ಮೆಲ್ಲಗೆ ಅದರೊಳಗೆ ಬಿಡಿ. ಅಲ್ಲಾಡಿಸಬೇಡಿ. ಹೆಂಟೆ ಉದುರಿ ಪುಡಿಯಾಗಿ ತಳದಲ್ಲಿ ಕೂತರೆ, ಮೇಲಿನ ನೀರು ತಿಳಿಯಾಗಿಯೇ ಇದ್ದರೆ ಚಿಂತೆ ಇಲ್ಲ. ಎರಡು ಗಂಟೆ ಬಿಟ್ಟು ನೋಡಿದಾಗ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹಬ್ಬಿದ್ದರೆ, ಮಾರನೇ ದಿನ ಇಡೀ ಲೋಟವೇ ಬಗ್ಗಡವಾಗಿದ್ದರೆ ಅದು ಸೋಡಿಯಂ ಹಿಡಿದ ಜೇಡಿ. ಕಣ ಕಣವೂ ಬೇರೆಯಾಗಿ ತೇಲುತ್ತಿದೆ. ಈಗ ಆ ಲೋಟಕ್ಕೆ ಒಂದು ಚಿಟಿಕೆ ಜಿಪ್ಸಂ ಹಾಕಿ ಕಲಕಿ. ಸ್ವಲ್ಪ ಹೊತ್ತಿಗೆ ಮಬ್ಬು ಗುಂಪು ಗುಂಪಾಗಿ ಸೇರಿ ಕೆಳಗೆ ಕೂತು ನೀರು ತಿಳಿಯಾಗುತ್ತದೆ. ಎಮರ್ಸನ್ ಎಂಬ ಮಣ್ಣು ವಿಜ್ಞಾನಿ 1967ರಲ್ಲಿ ಇಂಥದೇ ಪರೀಕ್ಷೆಯನ್ನು ವರ್ಗೀಕರಣವಾಗಿ ಕಟ್ಟಿದ್ದು, ಮಬ್ಬು ನೋಡಿ ಮಣ್ಣು ಗುರುತಿಸುವುದು ಈಗಲೂ ನಡೆಯುತ್ತದೆ.

ಲೋಟದಲ್ಲಿ ತೇಲುವ ಜೇಡಿ ಹೊಲದಲ್ಲಿ ಏನು ಮಾಡುತ್ತದೆ? ನೀರಿನ ಜೊತೆ ಒಂದೆರಡು ಬೆರಳು ಕೆಳಗೆ ಹೋಗಿ ಸಂದಿನ ಇಕ್ಕಟ್ಟಾದ ಕುತ್ತಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಸ್ಸಿನ ಹಿಂದೆ ಸೀಟೆಲ್ಲ ಖಾಲಿ ಇದ್ದರೂ ಬಾಗಿಲಲ್ಲಿ ನಾಲ್ಕು ಜನ ನಿಂತುಬಿಟ್ಟರೆ ಯಾರೂ ಹತ್ತಲು ಆಗುವುದಿಲ್ಲವಲ್ಲ, ಅದೇ ಪಾಡು. ಸಂದಿನ ಒಟ್ಟು ಪಾಲು ಅಷ್ಟೇ ಇರುತ್ತದೆ, ನೀರು ಮಾತ್ರ ನಿಲ್ಲುತ್ತದೆ. ಜೊತೆಗೆ ಹರಿವಿನ ಲೆಕ್ಕ ಬಹಳ ಪಕ್ಷಪಾತಿ. ಒಂದು ಸಣ್ಣ ಕೊಳವೆಯಲ್ಲಿ ಹೋಗುವ ನೀರು ಅದರ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. ಒಂದು ಮಿಲಿಮೀಟರ್ ಅಗಲದ ಒಂದೇ ಒಂದು ತೂತು ಸಾಗಿಸುವಷ್ಟು ನೀರು ಸಾಗಿಸಲು 0.1 ಮಿಲಿಮೀಟರಿನ ಹತ್ತು ಸಾವಿರ ತೂತು ಬೇಕು. ಹಾಗಾಗಿ ಎರೆಹುಳ ಕೊರೆದ ನಾಲ್ಕು ಬಿಲ, ಕೊಳೆತ ಬೇರು ಬಿಟ್ಟು ಹೋದ ಎರಡು ದಾರಿ, ಇವು ಉಳಿದ ಕೋಟಿ ಸಂದುಗಳಿಗಿಂತ ಜಾಸ್ತಿ ನೀರು ಒಯ್ಯಬಹುದು. ಅವುಗಳ ಬಾಯಿಗೆ ಜೇಡಿ ಮೆತ್ತಿದರೆ ಮುಗಿಯಿತು. ಸರಾಸರಿ ಸಂದು ಅಳೆದು ಹರಿವು ಹೇಳುತ್ತೇನೆ ಎನ್ನುವವನ ಮೇಲೆ ನನಗೆ ನಂಬಿಕೆ ಇಲ್ಲ.

ಇನ್ನೂ ಒಂದು ಲೆಕ್ಕ ಮಾಡೋಣ, ಇದು ರೈತರಿಗೆ ನೇರವಾಗಿ ತಾಗುವುದು. ಜಿಪ್ಸಂ ಒಂದು ಲೀಟರ್ ನೀರಲ್ಲಿ ಹೆಚ್ಚೆಂದರೆ ಸುಮಾರು 2.5 ಗ್ರಾಂ ಕರಗುತ್ತದೆ. 5 ಟನ್ ಕರಗಲು 20 ಲಕ್ಷ ಲೀಟರ್, ಅಂದರೆ ಇಡೀ ಹೆಕ್ಟೇರಿನ ಮೇಲೆ 200 ಮಿಲಿಮೀಟರ್ ನೀರು. ನಿಂತರೆ ಸಾಲದು, ಮಣ್ಣಿನೊಳಗೆ ಹಾದು ಹೋಗಬೇಕು. ಒದ್ದೆಯಾಗಿ ಹಿಗ್ಗಿದ ಎರೆಮಣ್ಣಲ್ಲಿ ನೀರು ಇಂಗುವುದು ಗಂಟೆಗೆ ಒಂದು ಮಿಲಿಮೀಟರಿಗಿಂತ ಕಡಿಮೆ. ಅರ್ಧ ಮಿಲಿಮೀಟರ್ ಎಂದುಕೊಂಡರೆ 200 ಮಿಲಿಮೀಟರ್ ಇಳಿಯಲು 400 ಗಂಟೆ, ಬಿಡದೆ ಹದಿನಾರು ಹದಿನೇಳು ದಿನ. ಪರವಾಗಿಲ್ಲ. ಆದರೆ ಸೋಡಿಯಂ ಹಿಡಿದ ಮಣ್ಣಲ್ಲಿ ಇಂಗುವುದು ಅದರ ಹತ್ತನೇ ಒಂದು ಭಾಗಕ್ಕೆ ಇಳಿದಿದ್ದರೆ? ಐದೂವರೆ ತಿಂಗಳು. ರೋಗ ಎಷ್ಟು ಜೋರಾಗಿದೆಯೋ ಮದ್ದು ಒಳಗೆ ಹೋಗುವುದು ಅಷ್ಟು ತಡ.

ನಿಜದಲ್ಲಿ ಇದು ಸ್ವಲ್ಪ ಸುಲಭವಾಗುತ್ತದೆ, ಅದಕ್ಕೆ ಕಾರಣವೂ ಚೆಂದವಾಗಿದೆ. ಕರಗಿದ ಕ್ಯಾಲ್ಸಿಯಂ ಅನ್ನು ಜೇಡಿ ಕೂಡಲೇ ಎಳೆದುಕೊಳ್ಳುತ್ತದೆ, ನೀರಲ್ಲಿ ಕ್ಯಾಲ್ಸಿಯಂ ಖಾಲಿಯಾಗುತ್ತದೆ, ಹಾಗಾಗಿ ಅದೇ ನೀರಿಗೆ ಇನ್ನಷ್ಟು ಜಿಪ್ಸಂ ಕರಗಿಸುವ ತಾಕತ್ತು ಬರುತ್ತದೆ. ಜೊತೆಗೆ ಜಿಪ್ಸಂ ಕರಗಿದ ನೀರು ಲವಣ ಕಡಿಮೆ ಇರುವ ತೆಳು ನೀರಲ್ಲವಾದ್ದರಿಂದ ತಾನು ಹೋಗುವ ದಾರಿಯನ್ನು ತಾನೇ ಬಿಡಿಸಿಕೊಳ್ಳುತ್ತಾ ಹೋಗುತ್ತದೆ. ಒಂದು ಸೆಂಟಿಮೀಟರ್ ಸರಿಹೋದರೆ ಮುಂದಿನ ಸೆಂಟಿಮೀಟರಿಗೆ ನೀರು ಸಿಗುತ್ತದೆ. ಮಾಡೆಲ್ ಬೇಕಾಗುವುದು ಇಲ್ಲೇ. ಇಂಥ ಒಂದನ್ನೊಂದು ತಳ್ಳುವ ಸುತ್ತುಗಳನ್ನು ಕೈಲೆಕ್ಕದಲ್ಲಿ ಹಿಡಿಯಲು ಆಗುವುದಿಲ್ಲ. ಇಷ್ಟು ಟನ್ ಹಾಕಿ ಎಂದು ಹೇಳುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದು ಸೋಡಿಯಂ ಎಷ್ಟಿದೆ ಎಂಬ ಲೆಕ್ಕ. ಎಷ್ಟು ದಿನದಲ್ಲಿ, ಎಷ್ಟು ನೀರಲ್ಲಿ, ಎಷ್ಟು ಆಳದವರೆಗೆ ಎಂದು ಆ ಪಟ್ಟಿ ಹೇಳುವುದಿಲ್ಲ. ಕೆಳಗೆ ಬಸಿಗಾಲುವೆ ಇಲ್ಲದೆ, ಅಂತರ್ಜಲ ಮೂರಡಿಯಲ್ಲೇ ಇರುವ ಹೊಲಕ್ಕೆ ಲೋಡುಗಟ್ಟಲೆ ಜಿಪ್ಸಂ ಹೊಡೆಸಿದರೆ ಎದ್ದ ಸೋಡಿಯಂ ಎಲ್ಲಿಗೆ ಹೋಗಬೇಕು? ಬೇಸಿಗೆಯಲ್ಲಿ ನೀರಿನ ಜೊತೆ ಮತ್ತೆ ಮೇಲಕ್ಕೇ ಬರುತ್ತದೆ.

ಮಾಡೆಲ್ ಬರೆದವರಿಗೆ ಇದೆಲ್ಲ ಗೊತ್ತಿಲ್ಲ ಎಂದಲ್ಲ. 1955ರಲ್ಲೇ ಕ್ವರ್ಕ್ ಮತ್ತು ಸ್ಕೋಫೀಲ್ಡ್ ಇದನ್ನು ತೋರಿಸಿದ್ದರು: ಮಣ್ಣಲ್ಲಿ ಸೋಡಿಯಂ ಇದ್ದರೂ ಹಾಯುವ ನೀರಲ್ಲಿ ಸಾಕಷ್ಟು ಲವಣ ಇದ್ದರೆ ಜೇಡಿ ಕದಡುವುದಿಲ್ಲ, ನೀರು ತೆಳುವಾಗುತ್ತಾ ಒಂದು ಮಟ್ಟದ ಕೆಳಗೆ ಬಂದರೆ ಕುಸಿಯುತ್ತದೆ. 1960ರ ದಶಕದಲ್ಲಿ ಮೆಕ್‌ನೀಲ್ ಇದಕ್ಕೆ ಸೂತ್ರ ಕಟ್ಟಿದ. ಹೈಡ್ರಸ್‌ನಲ್ಲಿ ಅದನ್ನು ಆನ್ ಮಾಡಿಕೊಳ್ಳಬಹುದು.

ಅಂದರೆ ಉಪ್ಪು ನೀರಿಗಿಂತ ಇಲ್ಲಿ ಅಪಾಯಕಾರಿ ಯಾವುದು ಹೇಳಿ? ಮಳೆ ನೀರು. ಕಾಲುವೆ ನೀರಲ್ಲೋ ಬೋರ್ ನೀರಲ್ಲೋ ಒಂದಷ್ಟು ಲವಣ ಇರುತ್ತದೆ, ಮಣ್ಣು ಹೇಗೋ ತಡೆದುಕೊಂಡಿರುತ್ತದೆ. ಜೂನ್‌ನಲ್ಲಿ ಒಂದು ದೊಡ್ಡ ಮಳೆ ಹೊಡೆದರೆ ಮೇಲಿನ ಲವಣ ತೊಳೆದು ಹೋಗಿ, ಉಳಿದ ಸೋಡಿಯಂ ಜೇಡಿ ಕದಡಿ, ಮೇಲಿನ ಒಂದಂಗುಲ ಮೆತ್ತಿಕೊಂಡು, ಒಣಗಿದ ಮೇಲೆ ಮೊಳಕೆ ಸೀಳಿಕೊಂಡು ಬರಲಾಗದ ಹೆಪ್ಪಾಗುತ್ತದೆ. ವರ್ಷವಿಡೀ ಕಾಲುವೆ ನೀರು ಎಂದು ಮಾಡೆಲ್‌ಗೆ ಕೊಟ್ಟು ಓಡಿಸಿದರೆ ಈ ದಿನ ಅದರೊಳಗೆ ಬರುವುದೇ ಇಲ್ಲ, ಗ್ರಾಫ್ ಚೆಂದ ಕಾಣುತ್ತದೆ. ತಿಂಗಳ ಸರಾಸರಿ ಮಳೆ ಕೊಟ್ಟರೂ ಅಷ್ಟೇ. ದಿನದಿನದ ಮಳೆ ಕೊಡಬೇಕು. ಹಾಗೆ ಕೊಟ್ಟರೂ ಮೆಕ್‌ನೀಲ್ ಸೂತ್ರದ್ದು ಒಂದು ತಕರಾರು ಉಳಿಯುತ್ತದೆ: ನೀರಿನ ಗುಣ ಸರಿಹೋದ ಕೂಡಲೇ ಹರಿವೂ ಮೊದಲಿನಂತೆ ಆಯಿತು ಎಂದೇ ಅದು ಲೆಕ್ಕ ಹಾಕುತ್ತದೆ. ಜೇಡಿ ಬರೀ ಹಿಗ್ಗಿದ್ದರೆ ಅದು ಸರಿ, ಮತ್ತೆ ಕುಗ್ಗುತ್ತದೆ. ಕಿತ್ತು ಹೋಗಿ ಕೆಳಗಿನ ಕುತ್ತಿಗೆಯಲ್ಲಿ ಸಿಕ್ಕಿಕೊಂಡ ಜೇಡಿ ಸುಮ್ನೆ ವಾಪಸ್ ಬರುತ್ತದಾ? ಬೇರು ಇಳಿಯಬೇಕು, ಹುಳ ಕೊರೆಯಬೇಕು, ಒಣಗಿ ಬಿರುಕು ಬಿಡಬೇಕು. ಅಂದ ಹಾಗೆ ಎರೆಮಣ್ಣಿನ ಬಿರುಕೇ ಒಂದು ದೊಡ್ಡ ತಲೆನೋವು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ, ಮೂರಡಿ ಆಳ. ಮೊದಲ ಮಳೆಯ ನೀರು ಆ ಬಿರುಕಲ್ಲಿ ನೇರ ಕೆಳಗೆ ಹೋಗುತ್ತದೆ, ಮೇಲೆ ಹರಡಿದ ಜಿಪ್ಸಂ ಅನ್ನು ಮುಟ್ಟುವುದೂ ಇಲ್ಲ. ಜಿಪ್ಸಂ ಹಾಕಿ ಹರಗಿ ಮಣ್ಣಲ್ಲಿ ಬೆರೆಸಿ ಎಂದು ಹೇಳುವುದು ಇದಕ್ಕೂ ಹೌದು.

ಮಣ್ಣಲ್ಲೇ ಸುಣ್ಣದ ಹರಳು ಬೇಕಾದಷ್ಟಿದೆ, ಹೊರಗಿನ ಜಿಪ್ಸಂ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸುಣ್ಣವೂ ಕ್ಯಾಲ್ಸಿಯಂ, ಆದರೆ ಕ್ಷಾರ ಮಣ್ಣಲ್ಲಿ ಅದು ಕರಗುವುದು ಜಿಪ್ಸಂಗಿಂತ ಹತ್ತಾರು ಪಟ್ಟು ಕಡಿಮೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಕರಗುತ್ತದೆ. ಡಯಾಂಚವನ್ನೋ ಸೆಣಬನ್ನೋ ಬೆಳೆದು ಮಣ್ಣಿಗೆ ಸೇರಿಸಿದಾಗ ಆಗುವುದು ಇದೂ ಒಂದು: ಬೇರು ಉಸಿರಾಡಿ, ಸೊಪ್ಪು ಕೊಳೆತು, ಮಣ್ಣಿನ ಗಾಳಿಯಲ್ಲಿ ಆ ಅನಿಲ ಏರಿ, ಒಳಗಿದ್ದ ಸುಣ್ಣವೇ ಕರಗಿ ಕೆಲಸಕ್ಕೆ ಬರುತ್ತದೆ. ಮಾಡೆಲ್‌ನಲ್ಲಿ ಇದು ಒಂದೇ ಒಂದು ಅಂಕಿ, ಆ ಪದರದ ಕಾರ್ಬನ್ ಡೈಆಕ್ಸೈಡ್ ಒತ್ತಡ. ಅದನ್ನು ಬಯಲಿನ ಗಾಳಿಯ ಮಟ್ಟಕ್ಕೆ ಇಟ್ಟುಬಿಟ್ಟರೆ ಹಸಿರೆಲೆ ಗೊಬ್ಬರದಿಂದ ಏನೂ ಉಪಯೋಗ ಇಲ್ಲ ಎಂಬ ಉತ್ತರ ಬರುತ್ತದೆ.

ಇದೇ ಜಿಪ್ಸಂ ಇರಾಕಿನ ಮೊಸುಲ್‌ನಲ್ಲಿ ತದ್ವಿರುದ್ಧ ಕೆಲಸ ಮಾಡುತ್ತಿದೆ. ಟೈಗ್ರಿಸ್ ನದಿಗೆ ಅಡ್ಡಲಾಗಿ ಕಟ್ಟಿ 1980ರ ದಶಕದ ಮಧ್ಯದಲ್ಲಿ ನೀರು ತುಂಬಿಸಿದ, ನೂರು ಮೀಟರಿಗೂ ಎತ್ತರದ ಅಣೆಕಟ್ಟು. ಅದರ ಬುಡದಲ್ಲಿ ಜಿಪ್ಸಂ ಪದರಗಳಿವೆ. ತುಂಬಿಸಿದ ದಿನದಿಂದ ಬುಡ ಕರಗುತ್ತಿದೆ, ಅಂದಿನಿಂದ ಸಿಮೆಂಟ್ ಗಾರೆ ಪಂಪ್ ಮಾಡಿ ತುಂಬುತ್ತಲೇ ಇದ್ದಾರೆ. 2006ರಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ಬುಡ ಸವೆಯುವ ವಿಚಾರದಲ್ಲಿ ಇದು ಜಗತ್ತಿನಲ್ಲೇ ಅತಿ ಅಪಾಯಕಾರಿ ಅಣೆಕಟ್ಟು ಎಂದರು. 2014ರಲ್ಲಿ ಐಸಿಸ್ ಕೈಗೆ ಸಿಕ್ಕಿದಾಗ ಕೆಲಸ ನಿಂತು ಎಲ್ಲರ ಜೀವ ಬಾಯಿಗೆ ಬಂದಿತ್ತು. 2016ರಿಂದ ಇಟಲಿಯ ಟ್ರೆವಿ ಕಂಪನಿ ಕೆಲವು ವರ್ಷ ಕೂತು ಗಾರೆ ತುಂಬಿತು.

ಹೊಲದಲ್ಲಿ ಮದ್ದಾದದ್ದು ಅಲ್ಲಿ ಯಾಕೆ ಹೀಗೆ? ವೇಗದ ವ್ಯತ್ಯಾಸ. ಹೊಲದಲ್ಲಿ ನೀರು ಆಮೆ ನಡಿಗೆಯಲ್ಲಿ ಇಳಿಯುತ್ತದೆ, ಒಂದೆರಡು ಬೆರಳು ಹೋಗುವಷ್ಟರಲ್ಲಿ ಕರಗಿಸುವ ಶಕ್ತಿಯೆಲ್ಲ ಮುಗಿದಿರುತ್ತದೆ. ಅಣೆಕಟ್ಟಿನ ಕೆಳಗೆ ಹತ್ತಾರು ಮೀಟರ್ ನೀರಿನ ಒತ್ತಡ, ಹೊಸ ನದಿ ನೀರು ಬಿರುಕಿನಲ್ಲಿ ನುಗ್ಗಿ ಶಕ್ತಿ ಮುಗಿಯುವ ಮೊದಲೇ ದೂರ ಹೋಗಿರುತ್ತದೆ. ಯಾವ ಬಿರುಕು ಚೂರು ಅಗಲವಿದೆಯೋ ಅಲ್ಲಿ ನೀರು ಜಾಸ್ತಿ, ನೀರು ಜಾಸ್ತಿ ಇದ್ದಲ್ಲಿ ಕರಗುವುದು ಜಾಸ್ತಿ, ಕರಗಿದಷ್ಟೂ ಇನ್ನೂ ಅಗಲ. ಪಕ್ಕದ ಬಿರುಕುಗಳಿಗೆ ನೀರೇ ಸಿಗುವುದಿಲ್ಲ. 1987ರಲ್ಲಿ ಡಕೋರ್ ಮತ್ತು ಲೆನೋರ್ಮಾನ್ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿನೊಳಗೆ ಬರೀ ನೀರು ಹಾಯಿಸಿ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಪ್ಲಾಸ್ಟರ್ ಒಂದೇ ಸಮ ಸವೆಯಲಿಲ್ಲ, ಬೇರಿನಂತೆ ಕವಲೊಡೆದ ಸುರಂಗಗಳು ಬಿದ್ದವು. ಕರಗುವ ವೇಗ, ನೀರು ಓಡುವ ವೇಗ, ಈ ಎರಡರ ಅನುಪಾತಕ್ಕೆ ಡಾಮ್‌ಕೋಲರ್ ಸಂಖ್ಯೆ ಎಂದು ಹೆಸರು. ಕರಗುವುದು ಬೇಗ, ನೀರು ನಿಧಾನ ಎಂದರೆ ನೀರು ಒಳಗೆ ಹೋಗುವ ಮುಖ ಮಾತ್ರ ಸವೆಯುತ್ತದೆ. ನೀರು ಬಹಳ ಜೋರು ಎಂದರೆ ಎಲ್ಲ ಕಡೆ ಸಮವಾಗಿ ಸವೆಯುತ್ತದೆ. ನಡುವೆ ಇದ್ದರೆ ಸುರಂಗ. ಪದರ ಪದರವಾಗಿ ಮೇಲಿಂದ ಕೆಳಕ್ಕೆ ಮಾತ್ರ ನೋಡುವ ಮಾಡೆಲ್‌ಗೆ ಈ ಸುರಂಗ ಕಾಣುವುದೇ ಇಲ್ಲ, ಅದಕ್ಕೆ ಪಕ್ಕ ಎಂಬುದೇ ಇಲ್ಲವಲ್ಲ.

ಈಗ ಬಸಾಲ್ಟಿಗೆ ಬನ್ನಿ. ಹೆಕ್ಟೇರಿಗೆ 20 ಟನ್ ಹಾಕಿದರೆ ಗಾತ್ರ ಸುಮಾರು 7 ಘನ ಮೀಟರ್, ಹೊಲದ ಮೇಲೆ ಹರಡಿದರೆ 0.7 ಮಿಲಿಮೀಟರ್ ದಪ್ಪ. ಇದೂ ಗಾತ್ರದ ಆಟ ಅಲ್ಲ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿಗೆ ಬಿಡುತ್ತದೆ, ಅದು ಮಣ್ಣಿಗೆ ಒಳ್ಳೆಯದೇ. ಆದರೆ ಸಿಲಿಕಾ, ಅಲ್ಯೂಮಿನಿಯಂ, ಕಬ್ಬಿಣದಲ್ಲಿ ಬಹುಪಾಲು ಅಲ್ಲೇ ಕೂತು ಹೊಸ ಜೇಡಿಯಾಗುತ್ತದೆ. ಜೊತೆಗೆ ಹಿಟ್ಟಿನಂತೆ ಬೀಸಿದ ಪುಡಿ ಕರಗುವ ಮೊದಲು ತಾನೇ ಸಂದಿಗೆ ಹೋಗಿ ಕೂರಬಹುದು. ಬಸಾಲ್ಟ್ ಕರಗಿ ಬಹಳ ಕಾಲ ಆದ ಮೇಲೆ ಏನಾಗುತ್ತದೆ ಎಂದು ತಿಳಿಯಲು ಮಾಡೆಲ್ ಬೇಡ, ವಿಜಯಪುರಕ್ಕೋ ಕಲಬುರಗಿಗೋ ಹೋದರೆ ಸಾಕು. ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಕಲ್ಲು ಕರಗಿ, ಉಳಿದದ್ದು ಎರೆಮಣ್ಣಾಗಿದೆ. ಸಂದು ಬೇಕಾದಷ್ಟಿದೆ, ಅರ್ಧಕ್ಕರ್ಧ. ಮಳೆಗಾಲದಲ್ಲಿ ನೀರು ಇಂಗುವುದು ಮಾತ್ರ ಚೂರೇ ಚೂರು. ಅದೇ ಕರಾವಳಿಯ ಮುರಕಲ್ಲು ನೋಡಿ, ಜೋರು ಮಳೆಗೆ ಸಿಲಿಕಾವೂ ತೊಳೆದು ಹೋಗಿ, ಕಬ್ಬಿಣ ಅಲ್ಯೂಮಿನಿಯಂ ಉಳಿದು, ತೂತು ತೂತಾಗಿ ನೀರು ಹಾಯುತ್ತದೆ. ಕಲ್ಲು ಯಾವುದು ಎಂಬುದರ ಜೊತೆಗೆ, ತೊಳೆಯುವ ನೀರು ಎಷ್ಟು ಎಂಬುದೂ ಕೊನೆಯ ಮಣ್ಣು ಯಾವುದು ಎಂದು ತೀರ್ಮಾನಿಸುತ್ತದೆ.

2020ರಲ್ಲಿ ಬೀರ್ಲಿಂಗ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಹಾಕಿದ ಲೆಕ್ಕದಲ್ಲಿ ಈ ದಾರಿಯಿಂದ ಜಗತ್ತು ವರ್ಷಕ್ಕೆ 50ರಿಂದ 200 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ತೆಗೆಯಬಹುದು, ಅದರಲ್ಲಿ ಭಾರತದ ಪಾಲು ದೊಡ್ಡದು. ದೊಡ್ಡ ಅಂಕಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪ್ರಯೋಗಾಲಯದಲ್ಲಿ ಅಳೆದ ಕರಗುವ ವೇಗ ನಿಜದ ಮಣ್ಣಲ್ಲಿ ನೂರು, ಸಾವಿರ ಪಟ್ಟು ನಿಧಾನವಾಗಿರುವುದು ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಅದಕ್ಕೆ ಒಂದು ದೊಡ್ಡ ಕಾರಣ ನೀರು ಎಲ್ಲ ಕಣಗಳನ್ನೂ ಮುಟ್ಟದಿರುವುದು. ಕಣದ ಮೇಲ್ಮೈ ಎಷ್ಟು ಎಂದು ಜಗಳ ಆಡುವವರು ಬಹಳ, ಅದನ್ನು ಮುಟ್ಟುವ ನೀರು ಎಷ್ಟು ಎಂದು ಕೇಳುವವರು ಕಡಿಮೆ.

ಅದರಲ್ಲೂ ಭತ್ತದ ಗದ್ದೆ. ಗದ್ದೆಯಲ್ಲಿ ನಾವು ಬೇಕೆಂದೇ ಕೆಸರು ಹೊಡೆಯುತ್ತೇವೆ. ನೀರು ನಿಲ್ಲಲಿ, ಬಸಿದು ಹೋಗದಿರಲಿ ಎಂದು ಮಣ್ಣಿನ ಹೆಂಟೆಗಳನ್ನು ತುಳಿದು, ಉತ್ತು, ಸಂದು ಮುಚ್ಚುವುದೇ ಉದ್ದೇಶ. ವರ್ಷ ವರ್ಷ ಟ್ರ್ಯಾಕ್ಟರ್ ಓಡಿ ಅರ್ಧ ಅಡಿ, ಮುಕ್ಕಾಲು ಅಡಿ ಕೆಳಗೆ ಒಂದು ಗಟ್ಟಿ ಪದರ ಬಿದ್ದಿರುತ್ತದೆ. ಇಡೀ ಗದ್ದೆಯಲ್ಲಿ ನೀರು ದಿನಕ್ಕೆ ಎಷ್ಟು ಇಳಿಯಬೇಕು ಎಂದು ಹೇಳುವುದು ಆ ತೆಳು ಪದರ. ಜೇಡಿ ಗದ್ದೆಯಲ್ಲಿ ಅದು ದಿನಕ್ಕೆ ಕೆಲವೇ ಮಿಲಿಮೀಟರ್. ಮೇಲೆ ಜಿಪ್ಸಂ ಕರಗಲಿ, ಬಸಾಲ್ಟ್ ಕರಗಲಿ, ಮೇಲಿನ ಸಂದು ಹಿಗ್ಗಲಿ ಕುಗ್ಗಲಿ, ಲೆಕ್ಕಕ್ಕೆ ಬರುವುದು ಆ ಪದರದ ಕುತ್ತಿಗೆ. ಯಾವುದೇ ಮಾಡೆಲ್ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಎರಡು ವಿಷಯ: ಆ ಗಟ್ಟಿ ಪದರವನ್ನು ಬೇರೆಯಾಗಿ ಬರೆದಿದ್ದಾರಾ, ಹೊಲದಲ್ಲಿ ಇಂಗುವ ವೇಗವನ್ನು ಪುಡಿ ಹಾಕುವ ಮೊದಲು ಮತ್ತು ಹಾಕಿ ಎರಡು ಮಳೆಗಾಲ ಕಳೆದ ಮೇಲೆ ಅಳೆದಿದ್ದಾರಾ. ಅಳೆಯುವುದಕ್ಕೆ ಬೇಕಾಗುವುದು ಒಂದರೊಳಗೊಂದು ಇಡುವ ಎರಡು ಕಬ್ಬಿಣದ ಬಳೆ, ಒಂದು ಸ್ಕೇಲು, ಒಂದು ದಿನದ ತಾಳ್ಮೆ.